ರಾಗಿ ಸರಿಯ ಹಿತೈಷಿಗಳು

ಖಾಲಿ ಸೀಟು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ, ಯಾಕೆಂದರೆ ನಮ್ಮ ಮನೆಯಲ್ಲಿ ನಡೆದ ರಾದ್ಧಾಂತಕ್ಕೆಲ್ಲ ಈ ಕಾಯಿಲೆಯೇ ಕಾರಣ. ನಾನು ಮಾಗಡಿ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿದ್ದು ನಿವೃತ್ತನಾದವನು. ಬಸ್ಸು ಬಂದ ಹೊತ್ತು, ಹೊರಟ ಹೊತ್ತು ಬರೆದುಕೊಳ್ಳುವುದಷ್ಟೇ ನನ್ನ ಕೆಲಸ. ಜನರನ್ನು ಕೂಗಿ ಕರೆದು ಹತ್ತಿಸುವುದು ನನ್ನ ಚಟ. ತಿಪ್ಪಸಂದ್ರದ ಬಸ್ಸು ಅರ್ಧ ಖಾಲಿ ನಿಂತಿದ್ದರೆ ಇನ್ನೆಲ್ಲಿಗೋ ಹೋಗಬೇಕಾದವರನ್ನೂ "ಹತ್ತಿ ಹತ್ತಿ, ಅಲ್ಲಿಂದ ಇನ್ನೊಂದು ಸಿಗ್ತದೆ" ಎಂದು ಹತ್ತಿಸಿಬಿಡುತ್ತಿದ್ದೆ. ಅವರು ಮಾರನೆಯ ದಿನ ಬಂದು ಬಾಯಿಗೆ ಬಂದಂತೆ ಬೈಯುತ್ತಿದ್ದರು. ಬೈಯಲಿ ಬಿಡಿ, ಬಸ್ಸು ತುಂಬಿ ಹೊರಟಿತಲ್ಲ ಎಂದು ನಾನು ಒಂದು ಟೀ ಕುಡಿದು ಸುಮ್ಮನಾಗುತ್ತಿದ್ದೆ.

ಮನೆಯ ವ್ಯವಹಾರದಲ್ಲೂ ಇದೇ ಬುದ್ಧಿ. ನಮ್ಮ ಸೀಮೆಯಲ್ಲಿ ಮುಯ್ಯಿ ಎನ್ನುವುದು ಸಣ್ಣ ವಿಷಯವಲ್ಲ. ನಮ್ಮ ಮನೆಯ ಮದುವೆಗೆ ಬಂದು ಉಡುಗೊರೆ ಮಾಡಿದವರ ಮನೆಯ ಮದುವೆಗೆ ನಾವೂ ಹೋಗಿ ಉಡುಗೊರೆ ಮಾಡಿ ಬರಬೇಕು. ಮುಯ್ಯಿ ತೀರಿಸದವನು ಮನುಷ್ಯನೇ ಅಲ್ಲ. ನಾನಂತೂ ಮದುವೆ, ಗೃಹಪ್ರವೇಶ, ತಿಥಿ, ಬೀಗರೂಟ, ಕಿವಿ ಚುಚ್ಚುವ ಶಾಸ್ತ್ರ ಯಾವುದನ್ನೂ ತಪ್ಪಿಸಿಕೊಂಡವನಲ್ಲ. ಊರಿನಲ್ಲಿ ಯಾರದೇ ಹುಟ್ಟುಹಬ್ಬದ ಫ್ಲೆಕ್ಸ್ ಎದ್ದು ನಿಂತರೂ ಕೆಳಗಿನ ಸಾಲಿನಲ್ಲಿ, 'ಶುಭ ಕೋರುವವರು' ಎಂಬಲ್ಲಿ, ಅಂಚೆಚೀಟಿಯಷ್ಟು ಗಾತ್ರದ ನನ್ನ ಮುಖ ಇದ್ದೇ ಇರುತ್ತದೆ. ಹುಟ್ಟುಹಬ್ಬದವನು ಯಾರೆಂದು ಎಷ್ಟೋ ಸಲ ನನಗೇ ಗೊತ್ತಿರುವುದಿಲ್ಲ.

ನನ್ನ ಹೆಂಡತಿ ಜಯಮ್ಮ ಇದಕ್ಕೆ ಪೂರಾ ಉಲ್ಟಾ. ಅವಳ ತವರು ಕನಕಪುರದ ಕಡೆಯ ಕಬ್ಬಾಳು. ನಾಲ್ಕು ಜನ ಬರುವಲ್ಲಿಗೆ ಇಬ್ಬರು ಬಂದರೂ ಸಾಕು, ಆ ಇಬ್ಬರು ಸರಿಯಾಗಿ ಉಂಡು ಹೋಗಬೇಕು ಎನ್ನುವ ಪೈಕಿ. ಅವಳ ಕೈಯ ರಾಗಿ ಸರಿ ನಮ್ಮ ಬೀದಿಯಲ್ಲಿ ಬಲು ಹೆಸರುವಾಸಿ. ಕೂಸಿಗೆ ತಾಯಿಹಾಲಿನ ಜೊತೆ ಮೊದಮೊದಲು ಉಣ್ಣಿಸುತ್ತಾರಲ್ಲ, ಅದರ ಹಿಟ್ಟು. ರಾಗಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಒಣಗಿಸಿ, ಹದವಾಗಿ ಹುರಿದು, ಬೀಸಿಸಿ, ಕೊನೆಗೆ ತೆಳ್ಳನೆಯ ಪಂಚೆಯಲ್ಲಿ ಸೋಸುತ್ತಾಳೆ. ಆ ಪಂಚೆಗಳೆಲ್ಲ ಒಂದು ಕಾಲಕ್ಕೆ ನನ್ನವೇ. ಈಗ ನಾನು ಮುಟ್ಟುವ ಹಾಗಿಲ್ಲ. ಮಗುವಿನ ಬಾಯಿಗೆ ಹೋಗುವುದನ್ನು ತಾನು ಮೊದಲು ಉಂಡು ನೋಡದೆ ನಮ್ಮ ಜಯಮ್ಮ ಇವತ್ತಿನವರೆಗೆ ಒಂದು ಪೊಟ್ಟಣವನ್ನೂ ಕಟ್ಟಿದವಳಲ್ಲ. ಬೀದಿಯ ಬಾಣಂತಿಯರಿಗೆ ಮಾಡಿಕೊಡುತ್ತ ಮಾಡಿಕೊಡುತ್ತ ಅದೇ ಒಂದು ಕಸುಬಾಯಿತು. ಪಕ್ಕದ ಮನೆಗಳ ಮೂವರು ಹೆಂಗಸರು ಅವಳ ಜೊತೆ ಕೈಜೋಡಿಸಿದರು. ಬೆಳಗಿನ ಜಾವಕ್ಕೇ ಎದ್ದು ಫ್ಯಾಕ್ಟರಿ ವ್ಯಾನಿಗೆ ಓಡುತ್ತಿದ್ದವರು ಅದನ್ನು ಬಿಟ್ಟು ಜಯಮ್ಮನನ್ನು ನಂಬಿ ಬಂದರು. ಅಲ್ಲಿಂದ ಮುಂದೆ ಅವಳಿಗೆ ಒಂದೇ ಯೋಚನೆ. "ಇವ್ರು ಮತ್ತೆ ಆ ವ್ಯಾನ್ ಹತ್ತೋ ಹಂಗೆ ಮಾಡಬಾರ್ದು ಕಣ್ರೀ" ಅನ್ನುತ್ತಿದ್ದಳು.

ಬೀದಿಯಲ್ಲಿ ಎಷ್ಟು ಕೂಸು ಹುಟ್ಟಲು ಸಾಧ್ಯ? ಆದ್ದರಿಂದ ವೆಬ್‌ಸೈಟು ಮಾಡಿಸಿದೆವು. ಮಾಡಿಕೊಟ್ಟವಳು ಜಯಮ್ಮನ ತಂಗಿಯ ಮಗಳು ಚೈತ್ರ. ರಾಮನಗರದಲ್ಲಿ ಅಂಗಡಿ ಇಟ್ಟುಕೊಂಡು ಲಗ್ನಪತ್ರಿಕೆ, ಫ್ಲೆಕ್ಸು, ವೆಬ್‌ಸೈಟು ಎಲ್ಲ ಮಾಡುತ್ತಾಳೆ. ಬಹಳ ಚೆನ್ನಾಗಿಯೇ ಮಾಡಿದ್ದಳು. ಮೇಲೆ ಬೊಚ್ಚುಬಾಯಿ ಬಿಟ್ಟು ನಗುವ ಒಂದು ಕೂಸಿನ ಫೋಟೋ, ಕೆಳಗೆ ರಾಗಿ ಹುರಿಯುತ್ತಿರುವ ಜಯಮ್ಮ, ಅದರ ಕೆಳಗೆ ಫೋನ್ ನಂಬರು. ನೆಂಟರೆಲ್ಲ ನೋಡಿ ಹೊಗಳಿದರು. ಹೊಗಳಿದವರು ನೆಂಟರು ಮಾತ್ರ. ಇಂಟರ್ನೆಟ್ಟಿನಲ್ಲಿ ರಾಗಿ ಸರಿ ಎಂದು ಹುಡುಕಿದರೆ ನಾವು ಎಲ್ಲೋ ಪಾತಾಳದಲ್ಲಿದ್ದೆವು.

ಚೈತ್ರ ಬಂದು ತಿಳಿಸಿ ಹೇಳಿದಳು: "ದೊಡ್ಡಪ್ಪ, ಈಗಷ್ಟೇ ಶುರುವಾದ ವೆಬ್‌ಸೈಟು ಒಳ್ಳೇದೋ ಕೆಟ್ಟದ್ದೋ ಅಂತ ಸರ್ಚ್ ಮಾಡೋ ಯಂತ್ರಕ್ಕೆ ಹೆಂಗೆ ಗೊತ್ತಾಗ್ಬೇಕು? ಬೇರೆಯವರು ತಮ್ಮ ವೆಬ್‌ಸೈಟಲ್ಲಿ, ಇಲ್ಲಿಗೆ ಹೋಗಿ ನೋಡಿ ಅಂತ ನಮ್ಮ ಲಿಂಕ್ ಹಾಕ್ಬೇಕು. ಹಂಗೆ ನಮ್ಮ ಕಡೆ ಕೈ ತೋರ್ಸೋರು ಇದ್ರೆ ನಾವು ಮೇಲಕ್ಕೆ ಬತ್ತೀವಿ. ಆದ್ರೆ ದೊಡ್ಡಪ್ಪ..."

ಆ 'ಆದ್ರೆ'ಯ ಮುಂದಿನದು ನನಗೆ ಕೇಳಿಸಲಿಲ್ಲ. ಅಷ್ಟರಲ್ಲಿ ನಾನು ಚಪ್ಪಲಿ ಮೆಟ್ಟಿ ಬೀದಿಗೆ ಇಳಿದಿದ್ದೆ. ಅಯ್ಯೋ, ಇದು ಮುಯ್ಯಿಯ ಲೆಕ್ಕ! ಅವರು ನಮ್ಮನ್ನು ತೋರಿಸಬೇಕು, ನಾವು ಅವರನ್ನು ತೋರಿಸಬೇಕು. ಈ ವಿದ್ಯೆಯಲ್ಲಿ ನನ್ನನ್ನು ಮೀರಿಸುವವರು ನಾಲ್ಕು ತಾಲ್ಲೂಕಿನಲ್ಲಿ ಯಾರಿದ್ದಾರೆ?

ಮೊದಲು ಹೋದದ್ದು ಚನ್ನಪಟ್ಟಣದ ಶಿವಣ್ಣನ ಹತ್ತಿರ. ಹಳೆಯ ದೋಸ್ತಿ, ಬೋರ್‌ವೆಲ್ ಕೊರೆಸುವ ಲಾರಿ ಇಟ್ಟಿದ್ದಾನೆ, ಅದಕ್ಕೊಂದು ವೆಬ್‌ಸೈಟೂ ಇದೆ.

"ಲೇ ಶಿವಣ್ಣ, ನಿನ್ನ ವೆಬ್‌ಸೈಟಲ್ಲಿ ನಮ್ಮ ರಾಗಿ ಸರಿ ಲಿಂಕ್ ಒಸಿ ಹಾಕ್ಲಾ" ಅಂದೆ.

"ಬೋರ್‌ವೆಲ್‌ಗೂ ರಾಗಿ ಸರಿಗೂ ಏನ್ಲಾ ಸಂಬಂಧ?"

"ಎರಡಕ್ಕೂ ನೀರು ಬೇಕಲ್ವೇನ್ಲಾ!"

ಶಿವಣ್ಣ ತಲೆ ಕೆರೆದುಕೊಂಡ. "ಅದೂ ನಿಜಾನೇ ಕಣ್ಲಾ. ಹಂಗಾರೆ ನಂದೂ ನಿಮ್ಮದ್ರಲ್ಲಿ ಹಾಕ್ಬುಡು" ಅಂದ. ಮುಯ್ಯಿಗೆ ಮುಯ್ಯಿ. ಫೋಟೋ ಬದಲಿಸಲಿಕ್ಕೆಂದು ಚೈತ್ರ ನನಗೆ ವೆಬ್‌ಸೈಟಿನ ಬೀಗದಕೈ ಕೊಟ್ಟಿದ್ದಳು. ಅದನ್ನು ಉಪಯೋಗಿಸಿ ಪುಟದ ಕೆಳಗೆ 'ನಮ್ಮ ಹಿತೈಷಿಗಳು' ಎಂದು ದಪ್ಪಕ್ಷರದಲ್ಲಿ ಬರೆದು ಶಿವಣ್ಣನ ಲಾರಿಯ ಚಿತ್ರ ಅಂಟಿಸಿದೆ. ಜಯಮ್ಮನಿಗೆ ಹೇಳಲಿಲ್ಲ. ತುಂಬಿದ ಮೇಲೆ ತೋರಿಸಿ ಬೆರಗು ಮಾಡೋಣ ಅಂತ.

ಆಮೇಲೆ ನನ್ನನ್ನು ಹಿಡಿಯುವವರೇ ಇಲ್ಲ. ರಾಮನಗರದಲ್ಲಿ ಒಂದು ಡ್ರೈವಿಂಗ್ ಸ್ಕೂಲು. ಅಕ್ಕೂರಿನ ನಾಟಿ ಕೋಳಿ ಫಾರಮ್ಮು. ಮದುವೆಯ ಬ್ಯಾಂಡ್‌ಸೆಟ್ಟಿನವರು. ಕನಕಪುರದಲ್ಲಿ ಆಪರೇಷನ್ ಇಲ್ಲದೆ ಮೂಲವ್ಯಾಧಿ ವಾಸಿ ಮಾಡುವ ಪಂಡಿತರೊಬ್ಬರು. ಸಜ್ಜನರು, ನನ್ನ ಬಸ್ಸಿನ ಹಳೆಯ ಗಿರಾಕಿ. ಗಂಡ ಹೆಂಡಿರ ಕಲಹ, ಶತ್ರುಕಾಟ, ವಶೀಕರಣ ಎಲ್ಲದಕ್ಕೂ ಫೋನಿನಲ್ಲೇ ಪರಿಹಾರ ಹೇಳುವ ಒಬ್ಬ ಗುರೂಜಿ. ಹೆಣ ಸಾಗಿಸುವ ಮುಕ್ತಿವಾಹನದ ರಾಮಣ್ಣ. ಎಲ್ಲರೂ ಕೇಳಿದ ಕೂಡಲೇ ಹಾಕಿದರು, ನಾನೂ ಕೂಡಲೇ ಹಾಕಿದೆ. ಆ ಹೊತ್ತಿಗೆ ಯಾವುದೋ ದೇಶದ ಪುಣ್ಯಾತ್ಮನೊಬ್ಬ, ನಿಮಗೆ ಸಾವಿರ ಲಿಂಕು ಒದಗಿಸುತ್ತೇನೆ ಎಂದು ತಾನಾಗಿಯೇ ಈ-ಮೇಲ್ ಕಳಿಸಿದ. ಬೇಡ ಎನ್ನಲು ಬಾಯಿ ಬರಲಿಲ್ಲ. ಒಂದು ವಾರದೊಳಗೆ ಇಸ್ಪೀಟಿನ ಆಟದವರು, ಕೂದಲಿನ ಟೋಪನ್ ಮಾರುವವರು, ಯಾವ ಲಿಪಿಯೆಂದೇ ಗೊತ್ತಾಗದವರು, ಎಲ್ಲರೂ ನಮ್ಮ ರಾಗಿ ಸರಿಯ ಕಡೆ ಕೈ ತೋರಿಸತೊಡಗಿದರು. ಮಾಗಡಿ ರಾಗಿಯ ಕೀರ್ತಿ ಸಪ್ತಸಾಗರ ದಾಟಿತಲ್ಲ ಎಂದು ನನಗೆ ಎದೆಯುಬ್ಬಿತು.

ಒಂದು ಮಾತು ಬಿಟ್ಟೆ. ಹಿತೈಷಿಗಳ ಸಾಲಿನಲ್ಲಿ ಎಲ್ಲಕ್ಕಿಂತ ಮೇಲೆ ಇದ್ದದ್ದು 'ಕಂಟ್ರೋಲರ್ ಕವನಗಳು'. ಅದು ನನ್ನದೇ ಬ್ಲಾಗು. 'ಬಸ್ಸು ಹೋದರೆ ಬರುವುದು ಇನ್ನೊಂದು ಬಸ್ಸು, ಹೋದರೆ ಬರುವುದೇ ನಿನ್ನೆಯ ವಯಸ್ಸು' ಎಂಬಂಥ ರಚನೆಗಳು ಅಲ್ಲಿವೆ. ಪ್ರತಿ ಕವನದ ಕೊನೆಗೂ ನಾನು ಜಯಮ್ಮನ ವೆಬ್‌ಸೈಟಿನ ಲಿಂಕ್ ಹಾಕಿದ್ದೆ. ಗಂಡನಾಗಿ ಅಷ್ಟೂ ಮಾಡದಿದ್ದರೆ ಹೇಗೆ?

ಫೋನುಗಳು ಬರತೊಡಗಿದವು. ಮೊದಲನೆಯದನ್ನು ಜಯಮ್ಮನೇ ಎತ್ತಿದಳು. ಆ ಕಡೆ ಒಬ್ಬ ಹೆಂಗಸು ಅಳುತ್ತ, "ಅಮ್ಮ, ನನ್ನ ಗಂಡ ನನ್ನ ಮಾತು ಕೇಳಂಗೆ ಒಂದು ವಶೀಕರಣ ಮಾಡ್ಕೊಡಿ" ಎಂದಳಂತೆ. ಜಯಮ್ಮ ನನ್ನನ್ನೊಮ್ಮೆ ನೋಡಿ, "ತಾಯಿ, ಆ ವಿದ್ಯೆ ನನಗೆ ಗೊತ್ತಿದ್ರೆ ನಮ್ಮ ಮನೆಯವ್ರು ಹಿಂಗಿರ್ತಿದ್ರಾ?" ಎಂದು ಫೋನಿಟ್ಟಳು. ಎರಡನೆಯವನು ನಮ್ಮ ಕಡೆ ಎಷ್ಟು ಅಡಿಗೆ ನೀರು ಬೀಳುತ್ತದೆ ಎಂದು ಕೇಳಿದ. ಮೂರನೆಯವನು ಬಹಳ ಸಂಕೋಚದಿಂದ, ಈ ಪುಡಿಯನ್ನು ತಿನ್ನುವುದೋ ಹಚ್ಚುವುದೋ ಎಂದು ವಿಚಾರಿಸಿದ. ಜಯಮ್ಮನಿಗೆ ಮೊದಲು ನಗು ಬಂತು, ಆಮೇಲೆ ರೇಗಿತು. ರಾಂಗ್ ನಂಬರುಗಳು ಇಷ್ಟೊಂದು ಯಾಕೆ ಬರುತ್ತಿವೆ ಎಂದು ನನ್ನನ್ನೇ ಕೇಳಿದಳು. "ಫೋನ್ ಕಂಪನಿಯವರದ್ದೇ ಏನೋ ತೊಂದರೆ" ಎಂದು ನಾನು ಪೇಪರಿನೊಳಗೆ ತಲೆ ತೂರಿಸಿದೆ. ಕೂಸಿರುವ ಒಬ್ಬ ತಾಯಿಯೂ ಫೋನ್ ಮಾಡಲಿಲ್ಲ.

ಇಲ್ಲಿ ರಾಮನಗರದ ಮಕ್ಕಳ ಡಾಕ್ಟರಮ್ಮನ ವಿಷಯ ಹೇಳಬೇಕು. ಆಯಮ್ಮ ತಮ್ಮ ವೆಬ್‌ಸೈಟಿನಲ್ಲಿ ತಾಯಂದಿರಿಗಾಗಿ ಬರೆಯುತ್ತಾರೆ. ಕೂಸಿಗೆ ಜ್ವರ ಬಂದರೆ ಏನು ಮಾಡಬೇಕು, ಯಾವಾಗಿನಿಂದ ಏನು ತಿನ್ನಿಸಬೇಕು, ಎಲ್ಲ ಸಲೀಸು ಕನ್ನಡದಲ್ಲಿ. ನಮ್ಮ ಜಿಲ್ಲೆಯ ಹೆಣ್ಣುಮಕ್ಕಳಿಗೆ ಅವರು ಬರೆದದ್ದೇ ವೇದವಾಕ್ಯ. ಅವರು ಇಂಥದ್ದು ಕೊಳ್ಳಿ ಎಂದು ಇವತ್ತಿನವರೆಗೆ ಯಾವ ಅಂಗಡಿಯನ್ನೂ ತೋರಿಸಿದವರಲ್ಲ. ಜಯಮ್ಮ ಧೈರ್ಯ ಮಾಡಿ ಹೋಗಿ ಒಂದು ಪೊಟ್ಟಣ ಕೊಟ್ಟು ಬಂದಿದ್ದಳು. ಡಾಕ್ಟರಮ್ಮ ಹೇಳದೆ ಕೇಳದೆ ಒಂದು ದಿನ ನಮ್ಮ ಮನೆಗೇ ಬಂದುಬಿಟ್ಟರು. ಹುರಿಯುವುದನ್ನು ನಿಂತು ನೋಡಿದರು, ಮೊಳಕೆ ಕಟ್ಟಿದ ಬಟ್ಟೆಯನ್ನು ಮೂಸಿ ನೋಡಿದರು, ಒಂದು ಬಟ್ಟಲು ಸರಿ ಕಾಯಿಸಿಕೊಂಡು ತಾವೇ ತಿಂದರು. ಚೆನ್ನಾಗಿದೆಯಮ್ಮ, ಬರೆಯುತ್ತೇನೆ ಎಂದು ಹೇಳಿ ಹೋದರು. ಆವತ್ತು ಜಯಮ್ಮನ ಮುಖ ನೋಡಬೇಕಿತ್ತು. ಮೂವರು ಹೆಂಗಸರಿಗೂ ಅವಳೇ ಕಾಫಿ ಮಾಡಿ ಕೊಟ್ಟಳು, ನನಗೂ ಕೇಳದೆಯೇ ಎರಡನೇ ಲೋಟ ಬಂತು.

ಮಾರನೆಯ ವಾರ ಡಾಕ್ಟರಮ್ಮನ ಫೋನು ಬಂತು. ಸ್ಪೀಕರ್ ಹಾಕಿದ್ದರಿಂದ ನನಗೂ ಕೇಳಿಸಿತು. "ಜಯಮ್ಮ, ನಿಮ್ಮ ಹಿಟ್ಟಿನ ಬಗ್ಗೆ ನನಗೆ ಒಂದು ಚೂರೂ ಅನುಮಾನ ಇಲ್ಲ. ಆದ್ರೆ ಆ ಪೇಜಿಗೆ ನಾನು ಬಾಣಂತಿಯರನ್ನ ಹೆಂಗೆ ಕಳಿಸಲಿ? ಮೇಲೆ ಕೂಸಿನ ಫೋಟೋ, ಕೆಳಗೆ ಹೆಣ ಸಾಗಿಸೋ ಗಾಡಿ ನಂಬರು. ನಡುವೆ ಮೂಲವ್ಯಾಧಿ. ವಶೀಕರಣ ಬೇರೆ. ನನ್ನ ಮಾತು ನಂಬಿ ಬಂದೋರು ಏನಂದ್ಕೊಳ್ತಾರೆ? ಬೇಜಾರು ಮಾಡ್ಕೋಬೇಡಿ, ಬರೆಯೋಕಾಗಲ್ಲ" ಎಂದರು.

ಜಯಮ್ಮ ಮೊಬೈಲಿನಲ್ಲಿ ತನ್ನದೇ ವೆಬ್‌ಸೈಟನ್ನು ತೆರೆದು ಕೊನೆಯವರೆಗೂ ನೋಡಿದಳು. ಕೊನೆ ಬಹಳ ದೂರ ಇತ್ತು. ಅವಳು ಕೂಗಾಡಿದ್ದರೆ ನನಗೆ ನೆಮ್ಮದಿಯಾಗುತ್ತಿತ್ತು. ಕೂಗಾಡಲಿಲ್ಲ. ಹಿಟ್ಟು ಸೋಸುತ್ತಿದ್ದ ಹೆಂಗಸರಿಗೆ, "ಇವತ್ತಿಗೆ ಸಾಕು ಕಣ್ರವ್ವ" ಎಂದಳು. ಒಬ್ಬಾಕೆ, "ಯಾಕಕ್ಕ, ನಾಳೆ ಬರಬೇಕೋ ಬ್ಯಾಡ್ವೋ?" ಎಂದು ಕೇಳಿದಳು. ಜಯಮ್ಮ ಮೊರ ಎತ್ತಿಕೊಂಡು ಒಳಗೆ ಹೋದಳು. ಬಸ್ಸು ತುಂಬಿಸಿದ್ದೆ, ಹತ್ತಬೇಕಾದವರನ್ನೇ ಕೆಳಗೆ ಬಿಟ್ಟಿದ್ದೆ. ಆ ದಿನ ನನ್ನ ತಟ್ಟೆಗೆ ಮುದ್ದೆ ಬಂತು, ಸೊಪ್ಪಿನ ಸಾರು ಬಂತು, ಮಾತು ಮಾತ್ರ ಬರಲಿಲ್ಲ.

ಬೆಳಗ್ಗೆ ನಾನೇ ಬಾಯಿಬಿಟ್ಟೆ. "ಅಲ್ಲ ಕಣೇ, ಅಷ್ಟು ಜನ ನಮ್ಮನ್ನ ತೋರಿಸ್ತಾ ಅವ್ರೆ. ಒಬ್ಬ ಡಾಕ್ಟರಮ್ಮ ಬರೀದಿದ್ರೆ ಏನು ಮುಳುಗೋಯ್ತು?"

ಜಯಮ್ಮ ಮೊರವನ್ನು ಕೆಳಗಿಟ್ಟಳು. "ನಿಮ್ಮವ್ವ ನನ್ನ ಹೆಂಗೆ ಒಪ್ಪಿದ್ದು ಅಂತ ಜ್ಞಾಪಕ ಐತಾ?" ಎಂದಳು.

ಜ್ಞಾಪಕ ಇಲ್ಲದೆ ಏನು? ನಮ್ಮವ್ವ ಅದನ್ನು ಸಾಯುವವರೆಗೂ ಹೇಳುತ್ತಿದ್ದಳು. ನನಗೆ ಹೆಣ್ಣು ನೋಡುವ ಕಾಲದಲ್ಲಿ ಅವ್ವ ಕಬ್ಬಾಳಮ್ಮನಿಗೆ ಹಣ್ಣುಕಾಯಿ ಮಾಡಿಸುವ ನೆಪ ಹೇಳಿ ಒಬ್ಬಳೇ ಕಬ್ಬಾಳಿಗೆ ಹೋಗಿ ವಿಚಾರಿಸಿದಳು. ಕೇಳಿದವರೆಲ್ಲ ಹುಡುಗಿ ಬಂಗಾರ, ಹುಡುಗಿ ಲಕ್ಷ್ಮಿ ಎಂದರು. ಅವ್ವ ಕರಗಲಿಲ್ಲ. "ನೆಂಟ್ರು, ಇಷ್ಟರು ಹೊಗಳ್ದೆ ಬೈತಾರಾ?" ಎಂದುಕೊಂಡು, ಆ ಮನೆಯವರ ಜೊತೆ ಬೇಲಿ ವಿಷಯಕ್ಕೆ ಮಾತು ಬಿಟ್ಟಿದ್ದ ಪಕ್ಕದ ಮನೆಯ ಅಜ್ಜಿಯನ್ನು ಹುಡುಕಿಕೊಂಡು ಹೋದಳು. ಅಜ್ಜಿ ಜಯಮ್ಮನ ಅಪ್ಪನಿಂದ ಹಿಡಿದು ಮನೆಯ ಎಮ್ಮೆಯವರೆಗೆ ಎಲ್ಲರಿಗೂ ಮಂಗಳಾರತಿ ಎತ್ತಿದಳು. ಎತ್ತಿ ಮುಗಿಸಿ, "ಆದ್ರೂ ಸುಳ್ಳು ಹೇಳಬಾರ್ದು ಕಣವ್ವ. ಆ ಹುಡ್ಗಿ ಮಾತ್ರ ಒಳ್ಳೇದು. ನನ್ನ ಸೊಸೆ ಬಾಣಂತೀಲಿ ಬೇಲಿ ದಾಟ್ಕೊಂಡು ಬಂದು ಕೂಸಿಗೆ ನೀರು ಹಾಕ್ಬುಟ್ಟು ಹೋಗೋಳು" ಎಂದಳು. ಅವ್ವ ಊರಿಗೆ ಬಂದವಳೇ, "ಗಟ್ಟಿ ಮಾಡ್ಬುಡಿ" ಎಂದಳು.

"ಊರೆಲ್ಲ ಹೊಗಳಿದ್ದು ನಿಮ್ಮವ್ವನಿಗೆ ಬೇಕಾಗ್ಲಿಲ್ಲ. ಹೊಗಳ್ದೇ ಇರೋರು ಹೇಳಿದ ಒಂದು ಮಾತು ಹಿಡ್ಕೊಂಡು ನನ್ನ ಮನೆ ತುಂಬಿಸ್ಕೊಂಡ್ರು. ನೀವು ಅವ್ರ ಮಗ!" ಎಂದಳು ಜಯಮ್ಮ. ಫೋನಿನಲ್ಲಿ ಚೈತ್ರಳನ್ನು ಕೇಳಿದರೆ, "ಅದನ್ನೇ ದೊಡ್ಡಪ್ಪ ನಾನು ಹೇಳಕ್ಕೆ ಹೊರಟಿದ್ದು. ಆದ್ರೆ, ಅಂತ ಶುರು ಮಾಡೋ ಹೊತ್ತಿಗೆ ನೀವು ಬೀದಿ ತುದೀಲಿದ್ರಿ. ಯಂತ್ರಾನೂ ನಿಮ್ಮವ್ವನ ಹಂಗೇ ನೋಡೋದು. ಎಷ್ಟು ಜನ ಹೇಳಿದ್ರು ಅಂತ ಅಲ್ಲ, ಯಾರು ಹೇಳಿದ್ರು ಅಂತ. ಕಂಡಕಂಡೋರ ಲಿಂಕ್ ಸೇರಿಸಿ ನೀವು ಇದ್ದ ಜಾಗಕ್ಕಿಂತ ಕೆಳಕ್ಕೆ ಇಳಿಸಿದ್ದೀರ" ಎಂದಳು. ಪಾತಾಳದ ಕೆಳಗೂ ಒಂದು ಅಂತಸ್ತು ಇದೆ ಎಂದು ನನಗೆ ಆಗ ಗೊತ್ತಾಯಿತು.

ತೆಗೆಯಬೇಕು ಸರಿ, ಆದರೆ ಹೇಗೆ? ಮುಯ್ಯಿ ಮಾಡುವ ಪದ್ಧತಿ ಇದೆ, ತೀರಿಸುವ ಪದ್ಧತಿ ಇದೆ. ಮುರಿಯುವ ಪದ್ಧತಿ ನಮ್ಮ ಹಿರಿಯರು ಮಾಡಿಟ್ಟಿಲ್ಲ. ಬ್ಯಾಗಿನ ತುಂಬ ರಾಗಿ ಸರಿ ಪೊಟ್ಟಣ ತುಂಬಿಕೊಂಡು ಒಬ್ಬೊಬ್ಬರ ಮುಂದೆಯೂ ಹಲ್ಲು ಗಿಂಜಲು ಹೊರಟೆ. ಶಿವಣ್ಣ ನನ್ನ ಮಾತು ಮುಗಿಯುವುದಕ್ಕೂ ಬಿಡಲಿಲ್ಲ. "ಬದುಕಿಸ್ದೆ ಬುಡ್ಲಾ! ನೀರಿನ ಪಾಯಿಂಟ್ ನೋಡ್ತಾ ನಿಂತಿದ್ರೆ ಫೋನ್ ಮಾಡಿ, ಕೂಸು ಸರಿ ಉಗೀತೈತೆ ಏನ್ಮಾಡ್ಲಿ ಅಂತಾರೆ. ನಾನೇನ್ ಹೇಳ್ಲಿ?" ಎಂದ. ಅಂದರೆ ನಮಗೆ ಬರಬೇಕಾದ ತಾಯಂದಿರು ಬೋರ್‌ವೆಲ್ಲಿಗೆ ಹೋಗಿದ್ದರು. ಪಂಡಿತರು ಮಾತ್ರ ನೊಂದುಕೊಂಡರು. "ನಮ್ಮಿಂದ ಏನಾದ್ರೂ ತಪ್ಪಾಯ್ತಾ ಕೆಂಪಣ್ಣ?" ಎಂದರು. ಕಾಯಿಲೆಯದ್ದೇ ತಪ್ಪು ಸ್ವಾಮಿ, ನಿಮ್ಮದಲ್ಲ ಎಂದು ಕೈಮುಗಿದೆ. ಎಲ್ಲರಿಗಿಂತ ದೊಡ್ಡ ಮನಸ್ಸು ಮುಕ್ತಿವಾಹನದ ರಾಮಣ್ಣನದು. "ತೆಗೀರಿ ಕಣಣ್ಣ, ಬೇಜಾರಿಲ್ಲ. ನಮ್ಮ ಹತ್ರಕ್ಕೆ ಎಲ್ರೂ ಒಂದಿನ ಬತ್ತಾರೆ, ಲಿಂಕ್ ಏನೂ ಬೇಕಿಲ್ಲ" ಎಂದ. ಆ ಮಾತಾಡುವಾಗ ಅವನು ನನ್ನ ಉದ್ದ ಅಗಲ ನೋಡಿದ ಹಾಗೆ ನನಗೆ ಭಾಸವಾಯಿತು.

ವಿದೇಶದವರನ್ನು ಹುಡುಕಿಕೊಂಡು ಎಲ್ಲಿಗೆ ಹೋಗುವುದು? ಅದಕ್ಕೆ ಚೈತ್ರ, ಇವರಿಗೂ ನಮಗೂ ಯಾವ ಸಂಬಂಧವೂ ಇಲ್ಲ ಎಂದು ಸರ್ಚ್ ಕಂಪನಿಯವರಿಗೇ ಬರೆದು ಹಾಕಿದಳು. ಮಗ ನಮ್ಮ ಕೈಮೀರಿ ಹೋಗಿದ್ದಾನೆ, ಅವನ ಸಾಲಕ್ಕೆ ನಾವು ಹೊಣೆಯಲ್ಲ ಎಂದು ಪೇಪರಿನಲ್ಲಿ ಕೊಡುತ್ತಾರಲ್ಲ, ಅದೇ ಜಾತಿಯ ಪ್ರಕಟಣೆ. ಇದೆಲ್ಲ ಆದ ಮೇಲೆ ಜಯಮ್ಮ ಡಾಕ್ಟರಮ್ಮನಿಗೆ ಫೋನ್ ಮಾಡಿ, "ಮನೆ ಗುಡಿಸಿದೀನಿ ಅಮ್ಮ, ಒಸಿ ನೋಡಿ" ಎಂದಳು. ಅಷ್ಟೇ. ಬರೆಯಿರಿ ಎಂದು ಕೇಳಲಿಲ್ಲ.

ಡಾಕ್ಟರಮ್ಮ ಬರೆದರು. ಉದ್ದವಾಗಿ ಏನಿಲ್ಲ. 'ಈ ಹಿಟ್ಟು ತಯಾರಾಗುವ ಮನೆಗೆ ಹೋಗಿ ನೋಡಿದ್ದೇನೆ. ಚೊಕ್ಕಟವಾಗಿದೆ. ನಾನೂ ತಿಂದಿದ್ದೇನೆ.' ಕೆಳಗೆ ಜಯಮ್ಮನ ಲಿಂಕು. ಆ ವಾರದಿಂದ ಫೋನು ಬಂದರೆ ಹಿನ್ನೆಲೆಯಲ್ಲಿ ಕೂಸು ಅಳುವ ಸದ್ದು ಕೇಳಿಸತೊಡಗಿತು. ಆ ಅಳು ಕೇಳಿದರೆ ಜಯಮ್ಮನ ಮುಖ ಅರಳುತ್ತದೆ. ಮೂವರು ಹೆಂಗಸರಿಗೆ ಈಗ ತಲೆ ಕೆರೆದುಕೊಳ್ಳಲೂ ಪುರುಸೊತ್ತಿಲ್ಲ, ನನ್ನ ಉಳಿದ ಎರಡು ಪಂಚೆಗಳೂ ಹೋದವು.

ಎಲ್ಲ ಸುಖವಾಗಿ ಮುಗಿಯಿತು ಎಂದು ಒಂದು ದಿನ ವೆಬ್‌ಸೈಟು ತೆರೆದು ನೋಡಿದೆ. ಶಿವಣ್ಣ ಇಲ್ಲ, ಪಂಡಿತರಿಲ್ಲ, ಗುರೂಜಿ ಇಲ್ಲ, ಸರಿ. 'ಕಂಟ್ರೋಲರ್ ಕವನಗಳು' ಕೂಡ ಇಲ್ಲ!

"ಇದೇನೇ, ನನ್ನನ್ನೂ ಇಳಿಸಿಬಿಟ್ಯಾ?" ಅಂದೆ.

"ಆ ಕವನ ಯಾರು ಓದ್ತಾರೆ ಹೇಳಿ? ನೀವು ಮನೇಲಿದ್ದೀರಲ್ಲ, ಸಾಲದಾ? ಅಲ್ಲೂ ಯಾಕೆ?" ಎಂದಳು.

ನಾನೂ ಬಿಡಲಿಲ್ಲ. "ಜಗಳ ಆಡಿದೋರು ಹೊಗಳಿದ್ರೆ ಅದಕ್ಕೆ ಬೆಲೆ ಅಂತ ನೀನೇ ಹೇಳ್ದೆ. ಮದುವೆ ಆದಾಗಿಂದ ನಿನ್ನ ಜೊತೆ ನನ್ನಷ್ಟು ಜಗಳ ಆಡಿರೋರು ಯಾರವ್ರೆ? ಬೇಲಿ ಪಕ್ಕದ ಅಜ್ಜಿಗಿರೋ ಬೆಲೆ ನನಗಿಲ್ವಾ?"

ಜಯಮ್ಮನಿಗೆ ನಗು ತಡೆಯಲಾಗಲಿಲ್ಲ. "ಹಂಗಾದ್ರೆ ಬರೀರಿ. ನನ್ನ ಸರಿ ಹೆಂಗೈತೆ ಅಂತ ಒಂದೇ ಒಂದು ಮಾತು. ಚೆನ್ನಾಗಿದ್ರೆ ಹಾಕಿಸ್ತೀನಿ" ಎಂದಳು.

ನಾನು ಕೂತು ಬರೆದೆ. ನೀವು ಇಷ್ಟು ಹೊತ್ತು ಓದಿದ್ದೇ ಆ ಒಂದು ಮಾತು. ಜಯಮ್ಮ ಕನ್ನಡಕ ಹಾಕಿಕೊಂಡು ಪೂರ್ತಿ ಓದಿದಳು. ಅಲ್ಲಲ್ಲಿ ನಕ್ಕಳು, ವಶೀಕರಣದ ಜಾಗದಲ್ಲಿ ಕಣ್ಣು ಮೇಲೆತ್ತಿ ನನ್ನನ್ನು ದುರುಗುಟ್ಟಿದಳು. ಓದಿ ಮುಗಿಸಿ, ಪೆನ್ಸಿಲ್ ತೆಗೆದುಕೊಂಡು ಮೇಲೆ ಎಲ್ಲೋ ಒಂದು ಸಾಲಿನ ಕೆಳಗೆ ಗೆರೆ ಎಳೆದಳು. ಕೂಸಿನ ಬಾಯಿಗೆ ಹೋಗುವುದನ್ನು ತಾನು ಮೊದಲು ಉಂಡು ನೋಡುತ್ತಾಳೆ ಎಂದು ಬರೆದಿದ್ದೆನಲ್ಲ, ಆ ಸಾಲು. "ಇದೊಂದು ಸಾಕು, ಮಿಕ್ಕಿದ್ದೆಲ್ಲ ಬೇಡ" ಎಂದಳು. ಧ್ವನಿ ಒಸಿ ಮೆತ್ತಗಾಗಿತ್ತು. ಆ ಸಾಲು ಈಗ ಅವಳ ವೆಬ್‌ಸೈಟಿನಲ್ಲಿ ಡಾಕ್ಟರಮ್ಮನ ಮಾತಿನ ಕೆಳಗೆ ಇದೆ.

ಮಿಕ್ಕಿದ್ದನ್ನು ಏನು ಮಾಡುವುದು? ಎಸೆಯಲು ಮನಸ್ಸು ಬರಲಿಲ್ಲ. ನೀವು ಖಾಲಿ ಕೂತಿದ್ದದ್ದು ಕಣ್ಣಿಗೆ ಬಿತ್ತು, ಹತ್ತಿಸಿಬಿಟ್ಟೆ.